ನಾನೂರ ಹನ್ನೆರಡು ಕನಕಾಂಬರ

ದಿಲ್ಲಿಯ ಮಯೂರ್ ವಿಹಾರದ ನಮ್ಮತ್ತೆಯ ಮನೆಯಲ್ಲಿ ಹೂವುಗಳಿಗೆ ಎಸಿ ಇದೆ, ಮಾವನಿಗೆ ಇಲ್ಲ. ಈ ವ್ಯವಸ್ಥೆಯ ಬಗ್ಗೆ ಮಾವನೇ ಎಂದೂ ತಕರಾರು ಎತ್ತಿಲ್ಲವಾದ್ದರಿಂದ ನೀವೂ ಎತ್ತಬೇಕಾಗಿಲ್ಲ. ಕೇಂದ್ರ ಸರ್ಕಾರದ ಯಾವುದೋ ಸಚಿವಾಲಯದಲ್ಲಿ ಮೂವತ್ತನಾಲ್ಕು ವರ್ಷ ಕಡತಗಳ ನಡುವೆ ಕೂತು ನಿವೃತ್ತರಾದವರು ಅವರು. ತಮಗಿಂತ ಮುಖ್ಯವಾದ ಕಾಗದಗಳು ಪ್ರಪಂಚದಲ್ಲಿವೆ ಎಂಬುದು ಅವರಿಗೆ ಹೊಸ ವಿಷಯವೇನಲ್ಲ.

ಹೌದು, ಕಾಗದ. ಹೂವು ಎಂದೆನಲ್ಲ, ಅವು ಕಾಗದದವು. ಆದರೆ ತಿನ್ನುವ ಕಾಗದ! ಆಲೂಗಡ್ಡೆಯ ಪಿಷ್ಟದಿಂದ ಮಾಡಿದ, ಹಪ್ಪಳಕ್ಕಿಂತ ತೆಳ್ಳಗಿನ ಬಿಳಿ ಹಾಳೆ. ಬೇಕರಿಯವರು ಅದನ್ನು ವೇಫರ್ ಪೇಪರ್ ಅನ್ನುತ್ತಾರೆ. ಅದನ್ನು ಎಸಳೆಸಳಾಗಿ ಕತ್ತರಿಸಿ, ಒಣ ಬಣ್ಣದ ಪುಡಿ ಸವರಿ, ಅಂಚಿಗೆ ಒಂದು ತೊಟ್ಟು ನೀರು ಮುಟ್ಟಿಸಿ ಅಂಟಿಸಿದರೆ ಕೇಕಿನ ಮೇಲೆ ಇಡುವ ಹೂವಾಗುತ್ತದೆ. ಎರಡು ತೊಟ್ಟು ಮುಟ್ಟಿಸಿದರೆ ಗಂಜಿಯಾಗುತ್ತದೆ. ನಮ್ಮತ್ತೆಯ ಬದುಕೆಲ್ಲ ಈ ಮೊದಲನೆಯ ಮತ್ತು ಎರಡನೆಯ ತೊಟ್ಟಿನ ನಡುವೆ ನಡೆಯುತ್ತದೆ.

ಅತ್ತೆ ಎಂದರೆ ಗಂಡನ ತಾಯಿ ಎಂದುಕೊಳ್ಳಬೇಡಿ. ಇವರು ನನ್ನ ಅಪ್ಪನ ಅಕ್ಕ. ಗಂಡನ ವಿಷಯ ಆಮೇಲೆ ಬರುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ ಕೂಡ.

ಅತ್ತೆ ದಿಲ್ಲಿಯ ಶಾಲೆಯೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ನಿವೃತ್ತಿಯ ದಿನ ಸಹೋದ್ಯೋಗಿಗಳೆಲ್ಲ ಸೇರಿ ದೊಡ್ಡ ಕೇಕ್ ತರಿಸಿದರು. ಅದರ ನೆತ್ತಿಯ ಮೇಲೆ ಒಂದು ಕೆಂಪು ವೇಫರ್ ಗುಲಾಬಿ. ಪ್ರಾಂಶುಪಾಲರು ಭಾಷಣ ಮಾಡಿದರು, ಇಬ್ಬರು ಟೀಚರುಗಳು ಕಣ್ಣೊರೆಸಿಕೊಂಡರು, ಅತ್ತೆಯ ಕೈಗೆ ಚಾಕು ಬಂತು. ಅತ್ತೆ ಚಾಕು ಹಿಡಿದು ಕೇಕನ್ನೇ ದಿಟ್ಟಿಸುತ್ತ ನಿಂತುಬಿಟ್ಟರು. ಪಾಪ, ಭಾವುಕರಾಗಿದ್ದಾರೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

“ಗುಲಾಬಿಗೆ ಒಂಟಿ ಎಲೆ ಇಟ್ಟೋರು ಯಾರು?” ಅಂದರು ಅತ್ತೆ.

ಗುಲಾಬಿಯದು ಸಂಯುಕ್ತ ಎಲೆಯಂತೆ. ಒಂದೇ ಕಡ್ಡಿಗೆ ಐದೋ ಏಳೋ ಕಿರು ಎಲೆಗಳು ಇರಬೇಕಂತೆ. ಅದನ್ನೇ ಮೂವತ್ತೆರಡು ವರ್ಷ ಮಕ್ಕಳಿಗೆ ಕಲಿಸಿದವರ ಬೀಳ್ಕೊಡುಗೆಯ ಕೇಕಿನ ಮೇಲೆ ವೀಳ್ಯದೆಲೆಯ ಆಕಾರದ ಒಂಟಿ ಎಲೆ! ಚಾಕುವನ್ನೇ ಬೆತ್ತದಂತೆ ಹಿಡಿದು ಅತ್ತೆ ಪಾಠ ಶುರು ಮಾಡಿದರು. ಅಲ್ಲೇ ಇದ್ದ ಮಾವನ ಪ್ರಕಾರ ಪಾಠ ಇಪ್ಪತ್ತು ನಿಮಿಷ ನಡೆಯಿತು. ಕೊನೆಯ ಹೊತ್ತಿಗೆ ಗಣಿತದ ಮೇಷ್ಟ್ರೊಬ್ಬರು ಕೈಯೆತ್ತಿ, ನೀರು ಕುಡಿದು ಬರಲೇ ಎಂದು ಕೇಳಿದರಂತೆ.

ಮಾರನೆಯ ದಿನವೇ ಅತ್ತೆ ಪೇಟೆಗೆ ಹೋಗಿ ಒಂದು ಕಟ್ಟು ವೇಫರ್ ಹಾಳೆ, ಒಂದು ಸಣ್ಣ ಕತ್ತರಿ, ಏಳು ಬಣ್ಣದ ಪುಡಿ ತಂದರು. ನಿವೃತ್ತಿಯಾದ ಮೇಲೆ ಕಾಶಿಗೆ ಹೋಗೋಣ ಎಂದು ಮಾವ ಟಿಕೆಟ್ ವಿಚಾರಿಸಿ ಇಟ್ಟಿದ್ದರು. “ಮೊದಲು ಗುಲಾಬಿ ಸರಿ ಹೋಗ್ಲಿ,” ಅಂದರು ಅತ್ತೆ. ಗುಲಾಬಿ ಸರಿಹೋಗಲು ಎಂಟು ತಿಂಗಳು ಬೇಕಾಯಿತು. ಆಮೇಲೆ ಡೇಲಿಯಾ ಸರಿಯಿಲ್ಲ ಎಂಬುದು ಗೊತ್ತಾಯಿತು. ಕಾಶಿ ಇನ್ನೂ ಅಲ್ಲೇ ಇದೆ.

ನಾನು ದಾವಣಗೆರೆಯಿಂದ ಇವರ ಮನೆಗೆ ಬಂದು ಸೇರಿದ್ದು ಏಳು ವರ್ಷದ ಹಿಂದೆ. ಓಖ್ಲಾದಲ್ಲಿ ಬಟ್ಟೆ ರಫ್ತು ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಕೆಲಸ ಸಿಕ್ಕಿದ ಹುಡುಗಿಯನ್ನು ಮನೆಯ ಹಿರಿಯರು ಏನು ಕೇಳಬಹುದು? ಸಂಬಳ, ರಜೆ, ಮೆಟ್ರೊ ಎಷ್ಟು ದೂರ, ಹೀಗೆ ತಾನೆ? ಅತ್ತೆ ಕೇಳಿದ್ದು ಒಂದೇ.

“ನಿಮ್ಮಲ್ಲಿ ಬಟ್ಟೆ ಪೆಟ್ಟಿಗೆಗೆ ಆ ಪುಟ್ಟ ಪೊಟ್ಟಣ ಹಾಕ್ತಾರೇನೇ? ತೇವ ಹೀರೋದು, ಮೇಲೆ ‘ತಿನ್ನಬೇಡಿ’ ಅಂತ ಬರೆದಿರುತ್ತಲ್ಲ, ಅದು?”

“ಹಾಕ್ತಾರೆ ಅತ್ತೆ. ಹಳೇದನ್ನ ಕಸಕ್ಕೆ ಹಾಕ್ತಾರೆ.”

ಅತ್ತೆ ಒಮ್ಮೆ ಕಣ್ಣು ಮುಚ್ಚಿ ತೆರೆದರು. “ನೀನು ಎಷ್ಟು ದಿನ ಬೇಕಾದ್ರೂ ಇಲ್ಲೇ ಇರು,” ಅಂದರು.

ಅಂದಿನಿಂದ ನಾನು ಕಂಪನಿಯ ಕಸದ ಬುಟ್ಟಿಯಿಂದ ಅಧಿಕೃತವಾಗಿಯೇ ಅನುಮತಿ ಪಡೆದು ಪೊಟ್ಟಣ ಆರಿಸುವವಳಾದೆ. ಮ್ಯಾನೇಜರರು ಮೊದಲ ತಿಂಗಳು ಅನುಮಾನದಿಂದ ನೋಡಿದರು. ಎರಡನೆಯ ತಿಂಗಳಿಂದ ಕರುಣೆಯಿಂದ ನೋಡತೊಡಗಿದರು. ತಂದ ಪೊಟ್ಟಣಗಳನ್ನು ಅತ್ತೆ ಓವನ್ನಿನಲ್ಲಿ ಬಿಸಿ ಮಾಡಿ, ತೇವ ಬಿಡಿಸಿ, ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ. ತಿನ್ನುವ ಹೂವುಗಳ ಪೆಟ್ಟಿಗೆಯನ್ನು ‘ತಿನ್ನಬೇಡಿ’ ಎಂಬ ಪೊಟ್ಟಣಗಳು ಸುತ್ತುವರಿದು ಕಾಯುತ್ತಿರುವ ಮನೆ ದಿಲ್ಲಿಯಲ್ಲಿ ಇನ್ನೊಂದು ಇರಲಾರದು.

ಹೂವು ಮಾಡುವುದೇನು ಮಹಾ, ಇಟ್ಟುಕೊಳ್ಳುವುದಿದೆಯಲ್ಲ, ಅದು ಕಷ್ಟ. ಪ್ಲಾಸ್ಟಿಕ್ ಡಬ್ಬಿ ಕೂಡದು, ಅದು ಒಳಗೇ ಬೆವರುತ್ತದೆ. ಫ್ರಿಜ್ ಅಂತೂ ಕೂಡಲೇ ಕೂಡದು. ಬಿಸಿಲಿಗಿಟ್ಟರೆ ಬಣ್ಣ ಹಾರುತ್ತದೆ. ರಟ್ಟಿನ ಪೆಟ್ಟಿಗೆ, ಕತ್ತಲು, ಒಣ ಗಾಳಿ, ಇಷ್ಟೇ ಆಗಬೇಕು. ಮನೆಯಲ್ಲಿ ಕತ್ತಲೂ ಒಣಗಾಳಿಯೂ ಒಟ್ಟಿಗಿದ್ದ ಏಕೈಕ ಜಾಗ ಅತ್ತೆಯ ಕಬ್ಬಿಣದ ಬೀರು. ಹಾಗಾಗಿ ಮದುವೆಯ ಸೀರೆಗಳನ್ನೂ ಸೇರಿಸಿ ಎಲ್ಲ ರೇಷ್ಮೆಗಳೂ ಬೀರುವಿನಿಂದ ಹೊರಬಿದ್ದು ಮಾವನ ಮಂಚದ ಕೆಳಗೆ ಸೂಟ್‌ಕೇಸು ಸೇರಿದವು. ಬೀರು ಇದ್ದ ಕೋಣೆಗೆ ಎಸಿ ಬಂತು. ಮಾವ ಹಾಲಿಗೆ ಬಂದರು.

ಗೋಡೆಗೆ ತೇವಾಂಶ ಅಳೆಯುವ ಮೀಟರೊಂದು ಬಂತು. ಅದನ್ನು ಓದುವ ಜವಾಬ್ದಾರಿ ಮಾವನದು. ಬೆಳಗ್ಗೆ ಎದ್ದು, ಮುಖ ತೊಳೆದು, ಕನ್ನಡಕ ಹಾಕಿ, ಹಳೆಯ ಕಾಲದ ರೇಡಿಯೊ ವಾರ್ತೆಯ ಧ್ವನಿಯಲ್ಲಿ, “ಈ ದಿನ ಶೇಕಡಾ ಎಪ್ಪತ್ತೆಂಟು,” ಎಂದು ಸಾರುತ್ತಾರೆ. ಅರವತ್ತರ ಮೇಲಿದ್ದರೆ ಮನೆಯಲ್ಲಿ ಕುಕ್ಕರ್ ಕೂಗುವಂತಿಲ್ಲ. ಬಚ್ಚಲಿನ ಬಾಗಿಲು ತೆರೆದಿಡುವಂತಿಲ್ಲ. ಒದ್ದೆ ಬಟ್ಟೆ ಎಂಬ ಪದವನ್ನು ಆಡುವಂತೆಯೂ ಇಲ್ಲ. ಹಬೆಯಲ್ಲಿ ಬೇಯುವ ಯಾವ ತಿಂಡಿಯೂ ಇಲ್ಲ. ದಾವಣಗೆರೆಯಿಂದ ಬಂದವಳಿಗೆ ಜುಲೈಯಿಂದ ಸೆಪ್ಟೆಂಬರ್ ತನಕ ಇಡ್ಲಿ ಇಲ್ಲ ಎಂದರೆ ಏನರ್ಥ? ನಮ್ಮನೆಯಲ್ಲಿ ಮಾವಿನಹಣ್ಣಿನಂತೆ ಇಡ್ಲಿಗೂ ಒಂದು ಸೀಸನ್ ಇದೆ ಎಂದರ್ಥ.

ಇಷ್ಟಕ್ಕೇ ಮುಗಿಯಿತು ಎನ್ನಬೇಡಿ. ದಿಲ್ಲಿಯ ಮೇ ತಿಂಗಳಿನಲ್ಲಿ ಬಿಸಿಗಾಳಿ ಬೀಸಿದಾಗ ಕಥೆ ಉಲ್ಟಾ. ಆಗ ಹಾಳೆಗಳು ಒಣಗಿ ಮುಟ್ಟಿದರೆ ಪಟಪಟ ಮುರಿಯುತ್ತವೆ. ಆಗ ತೇವ ಬೇಕು. ಆದರೆ ಬಹಳ ಬೇಡ, ಹದವಾಗಿ. ಹದವಾದ ತೇವಕ್ಕೆ ಅತ್ತೆ ಕಂಡುಹಿಡಿದ ಉಪಾಯ ಮಾವ. ಅವರ ಹೆಗಲ ಮೇಲೆ ಹಿಂಡಿದ ಒದ್ದೆ ಟವೆಲ್ ಹೊದಿಸಿ ಹೂವಿನ ಮೇಜಿನಿಂದ ನಾಲ್ಕಡಿ ದೂರದಲ್ಲಿ ಕೂರಿಸುತ್ತಾರೆ. ಮಾವ ಅಲ್ಲಿ ಕೂತು ಪೇಪರ್ ಓದುತ್ತಾರೆ. “ತಂಪಾಗಿರುತ್ತೆ,” ಅನ್ನುತ್ತಾರೆ ನನಗೆ.

ಮಾಡಿದ ಹೂವುಗಳನ್ನು ಅತ್ತೆ ಪೀತಮ್‌ಪುರದ ಬೇಕರಿಯವನೊಬ್ಬನಿಗೆ ಕೊಡುತ್ತಾರೆ. ಒಳ್ಳೆಯ ಮನುಷ್ಯ. ಹದಿನೈದು ವರ್ಷದಿಂದ ಕೇಕ್ ಮಾಡುತ್ತಿದ್ದಾನೆ, ಆದರೆ ಅವನ ಪ್ರಕಾರ ಕಷ್ಟ ಎಂದರೇನು ಎಂದು ತಿಳಿದದ್ದು ಅತ್ತೆಯ ಪರಿಚಯವಾದ ಮೇಲೆ. ಒಮ್ಮೆ ನೀಲಿ ಗುಲಾಬಿ ಬೇಕು ಎಂದ. ಪ್ರಕೃತಿಯಲ್ಲಿ ಇಲ್ಲ ಎಂದರು ಅತ್ತೆ. ಇನ್ನೊಮ್ಮೆ ಒಂದೇ ಕೇಕಿಗೆ ಕಮಲ ಮತ್ತು ಟ್ಯುಲಿಪ್ ಕೇಳಿದ.

“ಟ್ಯುಲಿಪ್ ಫೆಬ್ರವರಿ. ಕಮಲ್ ಜೂನ್ ಕೇ ಬಾದ್. ದೋನೋ ಸಾಥ್ ಮೇ ಕೈಸೇ ಖಿಲೇಂಗೇ?” ಅಂದರು ಅತ್ತೆ, ಫೋನಿನಲ್ಲಿ. ಕಮಲ ಜೂನ್ ಆದಮೇಲಿನದು, ಎರಡೂ ಒಟ್ಟಿಗೆ ಹೇಗೆ ಅರಳುತ್ತವೆ ಎಂದು.

“ಮೇಡಂಜಿ,” ಅಂದ ಆತ, ಬಹಳ ಸಮಾಧಾನದಿಂದ, “ಕೇಕ್ ಪೇ ಸಬ್ ಖಿಲ್ತಾ ಹೈ.”

ಕೇಕಿನ ಮೇಲೆ ಎಲ್ಲವೂ ಅರಳುತ್ತದೆ! ಎಂಥ ಮಾತು! ನಾನು ಮೆಚ್ಚಿ ತಲೆದೂಗಿದೆ. ಅತ್ತೆ ಟ್ಯುಲಿಪ್ಪನ್ನು ಮಾತ್ರ ಕಳಿಸಿದರು.

ಗಿರಾಕಿಯೊಬ್ಬರು ಡೇಲಿಯಾದ ಎಲೆಯಲ್ಲಿ ತೂತುಗಳಿವೆ, ಹಾಳಾದ ಮಾಲು ಎಂದು ದೂರಿದ್ದೂ ಉಂಟು. ಆ ತೂತುಗಳನ್ನು ಅತ್ತೆ ಸೂಜಿಯಿಂದ ಒಂದೊಂದಾಗಿ ಮಾಡಿದ್ದರು. ಹುಳ ತಿನ್ನದ ಎಲೆ ಡೇಲಿಯಾ ಅರಳುವ ಕಾಲದಲ್ಲಿ ಎಲ್ಲಿರುತ್ತದೆ ಎಂಬುದು ಅವರ ಪ್ರಶ್ನೆ. ಇದನ್ನು ಬೇಕರಿಯವನು ಗಿರಾಕಿಗೆ ಹೇಗೆ ವಿವರಿಸಿದನೋ ಗೊತ್ತಿಲ್ಲ. ‘ಹುಳ’ ಎಂಬ ಪದ ಬಳಸಿರಲಾರ.

ಒಂದು ಜುಲೈನಲ್ಲಿ ಯಾರದೋ ಐವತ್ತನೆಯ ವಿವಾಹ ವಾರ್ಷಿಕೋತ್ಸವಕ್ಕೆ ನಲವತ್ತು ದಾಸವಾಳ ಬೇಕಾದವು. ಹೊರಗೆ ಜಡಿಮಳೆ. ಮೀಟರ್ ಶೇಕಡಾ ತೊಂಬತ್ತೊಂದು. ಅತ್ತೆ ಕ್ಯಾಬ್ ಕರೆಸಿ ಎಸಿಯನ್ನು ಕೊನೆಯ ತನಕ ತಿರುಗಿಸಲು ಹೇಳಿದರು. ಆ ಚಳಿಗೆ ನಾವು ಮೂವರೂ ಸ್ವೆಟರ್ ತೊಟ್ಟು, ಮಾವ ಮಂಕಿ ಕ್ಯಾಪನ್ನೂ ಏರಿಸಿ, ತಲಾ ಒಂದು ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಲ್ಲೂ ಹಿಡಿದು ಕೂತೆವು. ಉಸಿರಿನಲ್ಲೂ ತೇವವಿರುತ್ತದೆಯಾದ್ದರಿಂದ ಯಾರೂ ಮಾತಾಡಬಾರದು ಎಂದು ಅಪ್ಪಣೆಯಾಯಿತು. ಮಯೂರ್ ವಿಹಾರದಿಂದ ಪೀತಮ್‌ಪುರಕ್ಕೆ ಆ ಮಳೆಯಲ್ಲಿ ಒಂದೂಮುಕ್ಕಾಲು ಗಂಟೆ. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಹಾಡು ಹಾಕಲು ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡ. ದಾರಿಯುದ್ದಕ್ಕೂ ಒಂದೂ ಹಾರ್ನ್ ಹೊಡೆಯಲಿಲ್ಲ, ದಿಲ್ಲಿಯಲ್ಲಿ!

ಇಳಿಯುವಾಗ ಆತ ಮಾವನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ ಪೆಟ್ಟಿಗೆಯತ್ತ ತೋರಿಸಿ ಕೇಳಿದ: “ಅಂಕಲ್‌ಜಿ, ಕೌನ್ ಥೇ?”

ತೀರಿಕೊಂಡವರು ಯಾರು ಎಂದು! ಬೂದಿಯ ಮಡಕೆ ಒಯ್ಯುತ್ತಿದ್ದೇವೆ ಎಂದುಕೊಂಡಿದ್ದಾನೆ, ಪುಣ್ಯಾತ್ಮ.

“ಗುಡ್‌ಹಲ್,” ಅಂದರು ಮಾವ. ಅಂದರೆ ದಾಸವಾಳ.

ಡ್ರೈವರ್ ಕಣ್ಣುಮುಚ್ಚಿ ಕೈಮುಗಿದ.

ಈಗ ಗಂಡನ ವಿಷಯ. ಎರಡು ವರ್ಷದ ಹಿಂದೆ ನನಗೆ ಮದುವೆ ಗೊತ್ತಾಯಿತು. ಹುಡುಗ ಧಾರವಾಡದ ಕಡೆಯವನು, ಗುರುಗ್ರಾಮದಲ್ಲಿ ಕೆಲಸ. ದಿಲ್ಲಿಯ ಕನ್ನಡದವರ ಒಂದು ಕಾರ್ಯಕ್ರಮದಲ್ಲಿ ಬಿಸಿಬೇಳೆಭಾತಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ. ಒಂದು ವರ್ಷ ಓಡಾಡಿದೆವು. ಅವನು ನಕ್ಕರೆ ಎದುರಿನವರೂ ನಗಬೇಕು, ಹಾಗಿತ್ತು. ಮನೆಗೆ ಕರೆತಂದ ದಿನ ಅತ್ತೆ ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು: “ಸ್ನಾನ ಆದ್ಮೇಲೆ ಬಚ್ಚಲ ಬಾಗಿಲು ಹಾಕ್ತೀರೋ, ಹಂಗೇ ಬಿಡ್ತೀರೋ?”

“ಹಾಕ್ತೀನ್ರೀ,” ಅಂದ ಅವನು.

ಅತ್ತೆ ನನ್ನತ್ತ ನೋಡಿ ತಲೆಯಾಡಿಸಿದರು. ಜಾತಕ ಕೂಡಿತು.

ಮದುವೆ ಆಗಸ್ಟ್ ಕೊನೆಗೆ ದಾವಣಗೆರೆಯಲ್ಲಿ. ವಾರದ ನಂತರ ದಿಲ್ಲಿಯಲ್ಲಿ ಸ್ನೇಹಿತರಿಗಾಗಿ ಆರತಕ್ಷತೆ, ಅಲ್ಲಿ ಕೇಕ್. “ಯಾವ ಹೂವು ಬೇಕು ಹೇಳು,” ಅಂದರು ಅತ್ತೆ. ಯಾವುದೋ ವಿದೇಶದ ಹೂವಿನ ಹೆಸರು ಹೇಳುವಳು ಎಂದುಕೊಂಡಿದ್ದರೋ ಏನೋ.

“ಕನಕಾಂಬರ,” ಅಂದೆ.

ಸ್ಕೂಲಿಗೆ ಹೋಗುವಾಗ ಅಮ್ಮ ಎರಡು ಜಡೆಯ ನಡುವೆ ಸೇತುವೆಯಂತೆ ಕನಕಾಂಬರದ ದಂಡೆ ಮುಡಿಸುತ್ತಿದ್ದಳು. ಅದಕ್ಕೆ ಪರಿಮಳವಿಲ್ಲ, ಬಿಗುಮಾನವಿಲ್ಲ, ಸಂಜೆಯ ತನಕ ಬಾಡುವುದೂ ಇಲ್ಲ. ನನಗೆ ಇಷ್ಟ, ಅಷ್ಟೇ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. “ಕೇಕ್ ಮೇಲೆ ಇದುವರೆಗೂ ಯಾರೂ ಕನಕಾಂಬರ ಇಟ್ಟಿಲ್ಲ ಕಣೇ,” ಅಂದರು. ಚಂದ್ರನ ಮೇಲೆ ಇದುವರೆಗೂ ಯಾರೂ ಕಾಲಿಟ್ಟಿಲ್ಲ ಎನ್ನುವ ಧ್ವನಿಯಲ್ಲಿ.

ಬೇಕರಿಯವನಿಗೆ ಕೇಕಿನ ಆರ್ಡರ್ ಹೋಯಿತು. “ಯೇ ಕೌನ್ ಸಾ ಫೂಲ್ ಹೈ, ಮೇಡಂಜಿ? ಆರೆಂಜ್ ಗುಲಾಬ್ ಲಗಾ ದೇತೇ ಹೈಂ ನಾ,” ಅಂದ. ಇದ್ಯಾವ ಹೂವು, ಕಿತ್ತಳೆ ಬಣ್ಣದ ಗುಲಾಬಿ ಇಟ್ಟುಬಿಡೋಣ ಅಂತೆ! ಅತ್ತೆ ಹದಿನೈದು ದಿನ ಅವನೊಡನೆ ಮಾತು ಬಿಟ್ಟರು.

ಶುಕ್ರವಾರಗಳಂದು ನಮ್ಮ ಬಡಾವಣೆಯ ದಕ್ಷಿಣದವರ ದೇವಸ್ಥಾನದೆದುರು ಹೂವಿನವಳೊಬ್ಬಳು ಕನಕಾಂಬರ ತರುತ್ತಾಳೆ. ಅತ್ತೆ ಒಂದು ಮೊಳ ಕೊಂಡು, ದೇವರಿಗೆ ಅರ್ಧ ಏರಿಸಿ, ಉಳಿದರ್ಧವನ್ನು ಮನೆಗೆ ತಂದು ಭೂತಗನ್ನಡಿಯ ಕೆಳಗೆ ಬಿಡಿಸಿದರು. ಸೂಜಿಯಂಥ ಕೊಳವೆ, ಅದರ ತುದಿಗೆ ಐದು ಸೀಳಿನ ಬೀಸಣಿಗೆ. ಅದೂ ಒಂದೇ ಬದಿಗೆ ಬೀಸಿದ್ದು. ಬಣ್ಣವಂತೂ ಕಿತ್ತಳೆಯೂ ಅಲ್ಲ, ಕೇಸರಿಯೂ ಅಲ್ಲ, ಇಟ್ಟಿಗೆಯೂ ಅಲ್ಲ. ಹನ್ನೊಂದು ಸಲ ಪುಡಿ ಬೆರೆಸಿದರು. ಪ್ರತಿ ಸಲವೂ ಮಾವನನ್ನು ಕರೆದು, “ಇದಾ?” ಎಂದು ಕೇಳುವರು. ಮಾವ ನೈಜ ಹೂವನ್ನೂ ಕಾಗದವನ್ನೂ ಬೆಳಕಿಗೆ ಹಿಡಿದು, “ಹತ್ತಿರ ಇದೆ,” ಅನ್ನುವರು. ಹತ್ತಿರ ಎಂದರೆ ಅಲ್ಲ ಎಂದು. ಹನ್ನೆರಡನೆಯ ಸಲ ಮಾವ ಕಾಗದದ ಹೂವನ್ನೇ ನೈಜ ಎಂದು ತಿಳಿದು ದೇವರ ಪಟಕ್ಕೆ ಏರಿಸಿದರು. ಬಣ್ಣ ನಿಶ್ಚಯವಾಯಿತು.

ಲೆಕ್ಕ ಐನೂರ ಒಂದು. ಮಾರ್ಚಿನಲ್ಲಿ ಶುರುವಾಯಿತು. ತಂತಿಯಿಲ್ಲ, ಅಂಟಿಲ್ಲ, ಬರೀ ಕಾಗದ ಮತ್ತು ಆ ಒಂದು ತೊಟ್ಟು. ದಿನಕ್ಕೆ ಎರಡು, ಬೆರಳು ಸಹಕರಿಸಿದರೆ ಮೂರು. ಅರವತ್ತೇಳು ವರ್ಷದ ಬೆರಳುಗಳು ಹೂವಿನ ನಡುವೆ ಆಗಾಗ ನಿಂತುಬಿಡುತ್ತಿದ್ದವು. ಆಗ ಬಿಸಿನೀರಿನಲ್ಲಿ ಅದ್ದಿಕೊಂಡು, ಚೆನ್ನಾಗಿ ಒರೆಸಿಕೊಂಡು ಬರುತ್ತಿದ್ದರು. ಭಾನುವಾರ ಬಣ್ಣ ಸವರುವ ಕೆಲಸ ನನಗೂ ಕೊಟ್ಟರು. ನಾನು ಸವರಿದವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟರು.

“ಇದ್ಯಾಕೆ ಬೇರೆ?”

“ಇವು ಕೇಕ್ ಹಿಂದುಗಡೆಗೆ,” ಅಂದರು ಅತ್ತೆ.

ಆದರೆ ಆ ಭಾನುವಾರಗಳು! ಅತ್ತೆ ಕತ್ತರಿಸುವರು, ನಾನು ಬಣ್ಣ ಸವರುವೆ, ಮಾವ ಕುಂಚ ಒರೆಸಿ ಕೊಡುವರು. ಒಮ್ಮೊಮ್ಮೆ ನನ್ನ ಹುಡುಗನೂ ಬಂದು ಕೂರುತ್ತಿದ್ದ, ಫೋನು ನೋಡುತ್ತ. ಅವನು ಫೋನು ಬಹಳ ನೋಡುತ್ತಿದ್ದಾನೆ ಎಂದು ನನಗೆ ಆಗ ಅನ್ನಿಸಿರಲಿಲ್ಲ. ಅತ್ತೆಗೆ ಅನ್ನಿಸಿತ್ತಂತೆ. ಆಮೇಲೆ ಗೊತ್ತಾಯಿತು.

ಆಗಸ್ಟಿನ ಮೊದಲ ವಾರ, ಒಂದು ಗುರುವಾರ, ಆಫೀಸಿನಲ್ಲಿದ್ದಾಗ ಅವನ ಫೋನು ಬಂತು. ಹಿಂದೆ ಪರಿಚಯವಿದ್ದ ಹುಡುಗಿ ಮತ್ತೆ ಸಿಕ್ಕಿದ್ದಳಂತೆ. ಮತ್ತೆ ಎಂದರೆ ಜೂನ್‌ನಿಂದಲೇ. “ನಿಂದೇನೂ ತಪ್ಪಿಲ್ಲ,” ಅಂದ. ಇದನ್ನು ನಾಲ್ಕು ಸಲ ಹೇಳಿದ. ನನ್ನ ಮುಂದೆ ಹಡಗಿಗೆ ಹೋಗಬೇಕಾದ ಮಕ್ಕಳ ಫ್ರಾಕುಗಳ ಪೆಟ್ಟಿಗೆಯಿತ್ತು. ನಾನು ಫೋನು ಹಿಡಿದುಕೊಂಡೇ ಗುಂಡಿ ಎಷ್ಟಿವೆ ಎಂದು ಎಣಿಸುತ್ತಿದ್ದೆ. ಪ್ರತಿ ಫ್ರಾಕಿಗೆ ಆರು. ಎಲ್ಲವೂ ಸರಿಯಾಗಿದ್ದವು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಹೇಳಿದೆ: “ಮದುವೆ ಇಲ್ಲ.”

ಅತ್ತೆ ಮೇಜಿನ ಮುಂದೆ ನಾನೂರ ಹನ್ನೆರಡನೆಯ ಹೂವಿಗೆ ಕೊಳವೆ ಅಂಟಿಸುತ್ತಿದ್ದರು. ಅಂಟಿಸಿ ಮುಗಿಸಿದರು. ಕುಂಚ ಕೆಳಗಿಟ್ಟರು. “ಕೈಕಾಲು ತೊಳ್ಕೊಂಡು ಬಾ, ಊಟ ಮಾಡು,” ಅಂದರು. ನಾನು ಊಟ ಮಾಡಿದೆ. ಅನ್ನ, ತೊವ್ವೆ, ಹುರಿದ ಬೆಂಡೆಕಾಯಿ. ನೆನಪಿದೆ.

ಮಾರನೆಯ ದಿನದಿಂದ ಊರಿನವರ ಫೋನು ಶುರುವಾಯಿತು. ಎಲ್ಲ ಕರೆಗಳನ್ನೂ ಅತ್ತೆಯೇ ಎತ್ತಿದರು. ಉತ್ತರ ಒಂದೇ: “ಹೌದು, ಆಗಲಿಲ್ಲ. ನಿಮ್ಮ ಕಡೆ ಮಳೆ ಹೇಗಿದೆ?” ಮಳೆಯ ಬಗ್ಗೆ ಅತ್ತೆ ಕೇಳುವ ಪ್ರಶ್ನೆಗಳು ಎಷ್ಟು ವಿವರವಾಗಿರುತ್ತಿದ್ದವೆಂದರೆ, ಕರೆ ಮಾಡಿದವರಿಗೆ ತಾವು ಯಾಕೆ ಮಾಡಿದೆವು ಎಂಬುದೇ ಮರೆತುಹೋಗುತ್ತಿತ್ತು. ಹುಡುಗನ ತಾಯಿಯೂ ಕ್ಷಮೆ ಕೇಳಲು ಕರೆ ಮಾಡಿದರು. ಅವರೊಡನೆ ಮಾತ್ರ ಅತ್ತೆ ಮಳೆಯ ಮಾತು ತೆಗೆಯಲಿಲ್ಲ. “ನೀವು ಅಳಬೇಡಿ. ನೀವೇನು ಮಾಡ್ತೀರಿ,” ಅಂದರು.

ಮುಂದಿನ ವಾರ ಬೇಕರಿಯವನ ಫೋನು ಬಂತು. ಕೇಕಿನ ಆರ್ಡರ್ ರದ್ದಾದದ್ದು ಅವನಿಗೆ ಗೊತ್ತಿತ್ತು. ಗಾಜಿಯಾಬಾದಿನ ಯಾವುದೋ ದೊಡ್ಡ ಮದುವೆಗೆ ಕಿತ್ತಳೆ ಬಣ್ಣದ ಸಣ್ಣ ಹೂವು ಬೇಕಂತೆ, ನಾನೂರೂ ಒಟ್ಟಿಗೆ ಕೊಳ್ಳುತ್ತಾರಂತೆ. ಆತ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಐದು ತಿಂಗಳ ಕೆಲಸ ಹಾಳಾಗದಿರಲಿ ಎಂದು. ನಾನು ಪಕ್ಕದಲ್ಲೇ ಇದ್ದೆ.

“ಕೊಟ್ಬಿಡಿ ಅತ್ತೆ,” ಅಂದೆ.

ಅತ್ತೆ ಫೋನಿಗೆ ಹೇಳಿದರು: “ನಹೀಂ ಭಯ್ಯಾ. ವೋ ಕಿಸೀ ಔರ್ ಕೇ ಹೈಂ.” ಅವು ಬೇರೆ ಯಾರದೋ ಎಂದು.

“ಯಾರದ್ದು ಅತ್ತೆ?” ನನ್ನ ದನಿ ಏರಿತು. “ಯಾರದ್ದು ಈಗ? ಎಂಟು ದಿನದಿಂದ ಆ ಬೀರು ಮುಂದೆ ಓಡಾಡ್ತಿದೀನಿ. ನನಗೆ ಗೊತ್ತು ಒಳಗೇನಿದೆ ಅಂತ. ಕೊಡಿ, ಇಲ್ಲ ಕಸಕ್ಕೆ ಹಾಕಿ. ಮ್ಯೂಸಿಯಂ ಮಾಡಿಡಬೇಡಿ!”

ಆ ಮನೆಯಲ್ಲಿ ನಾನು ಕೂಗಿದ್ದು ಅದೇ ಮೊದಲು. ಮಾವ ಪೇಪರಿನ ಹಿಂದೆ ಅಲುಗಾಡದೆ ಕೂತಿದ್ದರು. ಅತ್ತೆ ನನ್ನನ್ನು ನೋಡಿದರು. ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ವಿದ್ಯಾರ್ಥಿ ಟೀಚರನ್ನು ನೋಡುವಂತೆ. ಮೂವತ್ತೆರಡು ವರ್ಷ ಮೇಜಿನ ಆಚೆ ಬದಿಗಿದ್ದವರು. ಅವರನ್ನು ಹಾಗೆ ನೋಡಿದ್ದೂ ಅದೇ ಮೊದಲು. ಆಮೇಲೆ ಅಡುಗೆಮನೆಗೆ ಹೋದರು. ನನಗೆ ನಾಚಿಕೆಯಾಯಿತು, ಆದರೆ ಹಿಂದೆ ಹೋಗುವಷ್ಟು ಆಗಲಿಲ್ಲ.

ಅದರ ಮರು ಭಾನುವಾರ. ಬೆಳಗ್ಗೆ ಹನ್ನೊಂದರ ಹೊತ್ತು. ನಾನು ಕೋಣೆಯಿಂದ ಹೊರಬಂದಾಗ ಊಟದ ಮೇಜಿನ ಮೇಲೆ ಏಳು ರಟ್ಟಿನ ಪೆಟ್ಟಿಗೆಗಳಿದ್ದವು. ಮುಚ್ಚಳ ತೆರೆದಿತ್ತು. ಕಿಟಕಿಯೂ ತೆರೆದಿತ್ತು. ಮೂರು ತಟ್ಟೆ, ಮಧ್ಯೆ ಊರಿಂದ ಬಂದ ಶೇಂಗಾ ಚಟ್ನಿಪುಡಿಯ ಡಬ್ಬಿ, ತುಪ್ಪದ ಗಿಂಡಿ. ಮಾವ ಆಗಲೇ ಬನಿಯನ್ನಿನ ಮೇಲೆ ಷರಟು ಹಾಕಿಕೊಂಡು, ಯಾರದೋ ಮನೆಗೆ ಊಟಕ್ಕೆ ಬಂದವರಂತೆ ಕೂತಿದ್ದರು.

“ಕೂತ್ಕೋ,” ಅಂದರು ಅತ್ತೆ.

“ಏನಿದು?”

“ನಾನೂರ ಹನ್ನೆರಡಿವೆ. ತಲೆಗೆ ನೂರ ಮೂವತ್ತೇಳು.”

“ಒಂದು ಉಳಿಯುತ್ತೆ,” ಅಂದರು ಮಾವ. ಸ್ವಲ್ಪ ಯೋಚಿಸಿ, “ಅದು ನನಗಿರ್ಲಿ,” ಅಂದರು.

ಅತ್ತೆ ಪೆಟ್ಟಿಗೆಯಿಂದ ಹೂವುಗಳನ್ನು ಹಿಡಿಹಿಡಿಯಾಗಿ ತೆಗೆದು ತಟ್ಟೆಗೆ ಬಡಿಸಿದರು. ಚಿಮುಟದಿಂದಲ್ಲ, ಕೈಯಿಂದ. ಅವು ಒಣಗಿದ ಎಲೆಯಂತೆ ಸರಸರ ಸದ್ದು ಮಾಡಿದವು. ಎಷ್ಟು ಚೆನ್ನಾಗಿದ್ದವು ಎಂದರೆ, ನನಗೆ ಒಂದು ಕ್ಷಣ ತಡೆಯಿರಿ ಎನ್ನಬೇಕೆನಿಸಿತು. ಅಷ್ಟರಲ್ಲಿ ಮಾವ ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿದರು.

“ಹೇಗಿದೆ?” ಅಂದರು ಅತ್ತೆ.

“ಹತ್ತಿರ ಇದೆ,” ಅಂದರು ಮಾವ.

ನಾನೂ ಒಂದನ್ನು ತಿಂದೆ. ಏನೂ ರುಚಿಯಿರಲಿಲ್ಲ. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಅಂಗುಳಕ್ಕೆ ಅಂಟಿಕೊಂಡು, ಆಮೇಲೆ ಇಲ್ಲವಾಯಿತು.

“ಅತ್ತೆ, ಇದಕ್ಕೆ ರುಚಿಯೇ ಇಲ್ಲ!”

“ಕಾಗದಕ್ಕೆ ಎಲ್ಲಿಂದ ಬರುತ್ತೆ ರುಚಿ? ಚಟ್ನಿಪುಡಿ ಹಾಕ್ಕೋ. ಬರೀದು ಒಳಗೆ ಹೋಗಲ್ಲ.”

ನಾವು ಮೂವರೂ ತುಪ್ಪದಲ್ಲಿ ಕಲಸಿದ ಚಟ್ನಿಪುಡಿಗೆ ಕನಕಾಂಬರವನ್ನು ಅದ್ದಿ ಅದ್ದಿ ತಿಂದೆವು. ಮೊದಲ ಮೂವತ್ತು ಸುಲಭವಾಗಿ ಹೋದವು. ನಂತರ ಮಾವ ನೀರು ತಂದಿಟ್ಟರು. ಅತ್ತೆ ನಡುನಡುವೆ ಒಂದನ್ನು ಬೆಳಕಿಗೆ ಹಿಡಿದು, “ಇದು ಏಪ್ರಿಲ್‌ದು, ಸೀಳು ಸರಿ ಬಂದಿರ್ಲಿಲ್ಲ,” ಎಂದು ಬಾಯಿಗೆ ಹಾಕಿಕೊಳ್ಳುವರು. ಕೇಕಿನ ಹಿಂಬದಿಗೆಂದು ಇಟ್ಟಿದ್ದ ನನ್ನ ಪೆಟ್ಟಿಗೆಯನ್ನು ಅವರೇ ತಮ್ಮ ತಟ್ಟೆಗೆ ಸುರಿದುಕೊಂಡರು. ನಾನು ನಗುತ್ತಿದ್ದೆ. ಮಾವನ ಮೀಸೆಗೆ ಕನಕಾಂಬರದ ಬಣ್ಣ ಹತ್ತಿತ್ತು, ಅದಕ್ಕೆ. ನಗುತ್ತಲೇ ಇದ್ದೆ. ಮುಂದಿನ ಹೂವನ್ನು ಎತ್ತಿಕೊಂಡಾಗ ಅದು ಬೆರಳಿಗೆ ಮೆತ್ತಗೆ ಅಂಟಿತು, ಐದು ಸೀಳುಗಳೂ ಮುದುಡಿ ಒಂದಾದವು. ಆಗಲೇ ನನಗೆ ತಿಳಿದದ್ದು, ನಾನು ಅಳುತ್ತಿದ್ದೇನೆ, ಎಷ್ಟೋ ಹೊತ್ತಿನಿಂದ ಅಳುತ್ತಿದ್ದೇನೆ, ತಟ್ಟೆಯ ತುಂಬ ಹನಿಗಳು ಬಿದ್ದಿವೆ ಎಂದು.

ಕೈಯಲ್ಲಿದ್ದ ಮುದ್ದೆಯನ್ನು ಹಿಡಿದುಕೊಂಡು ಅತ್ತೆಯ ಮುಖ ನೋಡಿದೆ. ಅತ್ತೆ ಮೊದಲು ಹೂವನ್ನು ನೋಡಿದರು, ಆಮೇಲೆ ನನ್ನನ್ನು.

“ಇರ್ಲಿ ಬಿಡು,” ಅಂದರು, ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕುತ್ತ. “ಒದ್ದೆ ಆದ್ರೆ ನುಂಗೋದು ಸುಲಭ.”